ಕೂತು ಕಲಿಸುವ ಓಟ

ಓಡುವವನಿಗೆ ತನ್ನ ಓಟ ಕಾಣಿಸುವುದಿಲ್ಲ. ಕಾಣಿಸುವುದು ಕೂತವನಿಗೆ. ಆದ್ದರಿಂದ ಓಟದ ಭಂಗಿಯಲ್ಲಿ ತಜ್ಞನಾಗಬೇಕೆಂದರೆ ಮೊದಲು ಬೇಕಾದದ್ದು ಒಂದು ಒಳ್ಳೆಯ ಕಲ್ಲುಬೆಂಚು. ಲಾಲ್‌ಬಾಗಿನ ಕೆರೆ ಏರಿಯ ಆಚೆ ನನಗೆ ಹೊಂದುವಂಥದೊಂದಿದೆ. ಬೆಳಗ್ಗೆ ಆರಕ್ಕೇ ಹೋಗಿ ಹಿಡಿಯಬೇಕು, ತಡವಾದರೆ ಪಿಂಚಣಿದಾರರು ಪೇಪರ್ ಹರಡಿಕೊಂಡು ಬಿಡುತ್ತಾರೆ. ಅಲ್ಲಿ ಕೂತು ನಾನು ಬೆಂಗಳೂರಿನ ಓಟವನ್ನು ಬಹುಕಾಲದಿಂದ ಅಧ್ಯಯನ ಮಾಡುತ್ತ ಬಂದಿದ್ದೇನೆ. ನೀವು ಓಡುತ್ತೀರಾ ಎಂದು ಕೆಲವರು ನನ್ನನ್ನು ಕೇಳುವುದುಂಟು. ಆ ಪ್ರಶ್ನೆಗೆ ನಮ್ಮ ಶಾಸ್ತ್ರದಲ್ಲಿ ಜಾಗವಿಲ್ಲ.

ಭಂಗಿ ಸರಿಯಾದರೆ ವೇಗ ತಾನಾಗಿ ಬರುತ್ತದೆ ಎಂಬುದು ಈ ಶಾಸ್ತ್ರದ ತಳಪಾಯ. ಇದನ್ನು ಒಪ್ಪಿಕೊಳ್ಳುವುದಕ್ಕೆ ಜನರಿಗೆ ಏನೂ ತೊಂದರೆಯಿಲ್ಲ. ತೊಂದರೆ ಕೊಡುತ್ತಿರುವವರು ಒಂದೇ ವರ್ಗದವರು, ವೇಗವಾಗಿ ಓಡಿದವರು. ಮೊದಲು ಅವರ ವಿಚಾರ ಮುಗಿಸಿಬಿಡೋಣ.

ಚೆಕೊಸ್ಲೊವಾಕಿಯಾದ ಸೈನಿಕ ಎಮಿಲ್ ಝಾಟೊಪೆಕ್ ಓಡುವಾಗ ತಲೆ ಅತ್ತಿತ್ತ ಹೊರಳುತ್ತಿತ್ತು, ಮೈ ತಿರುಚಿಕೊಳ್ಳುತ್ತಿತ್ತು, ಮುಖದಲ್ಲಿ ನೋಡಲಾರದಷ್ಟು ಸಂಕಟ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಈ ಭಂಗಿಯಲ್ಲೇ ಅವರು 5,000 ಮೀಟರ್ ಗೆದ್ದರು, 10,000 ಮೀಟರ್ ಗೆದ್ದರು. ಅಷ್ಟಕ್ಕೇ ನಿಲ್ಲಿಸದೆ, ಅದುವರೆಗೆ ಜೀವನದಲ್ಲಿ ಒಮ್ಮೆಯೂ ಓಡಿರದ ಮ್ಯಾರಥಾನಿಗೂ ಹೆಸರು ಕೊಟ್ಟು ಅದನ್ನೂ ಗೆದ್ದರು. ಭಂಗಿಯ ಬಗ್ಗೆ ಯಾರೋ ಆಕ್ಷೇಪಿಸಿದ್ದಕ್ಕೆ, ಓಟವೇನು ಜಿಮ್ನಾಸ್ಟಿಕ್ಸ್ ಅಲ್ಲವಲ್ಲ ಎಂಬರ್ಥದ ಉತ್ತರ ಕೊಟ್ಟರೆಂದು ಹೇಳುತ್ತಾರೆ. ತಿದ್ದಿಕೊಳ್ಳುವ ಮನಸ್ಸಿಲ್ಲದವರು ಮಾತಾಡುವ ಧಾಟಿಯೇ ಇದು. ನನ್ನ ಶಿಬಿರಕ್ಕೆ ಬಂದಿದ್ದರೆ ಮ್ಯಾರಥಾನಿನಷ್ಟು ದೂರ ಓಡುವ ಪರಿಸ್ಥಿತಿಯೇ ಅವರಿಗೆ ಬರುತ್ತಿರಲಿಲ್ಲ.

ಬ್ರಿಟನ್ನಿನ ಪೌಲಾ ರ‍್ಯಾಡ್‌ಕ್ಲಿಫ್ ಅವರದು ಇನ್ನೊಂದು ಬಗೆಯ ದೋಷ. ರಾಮನವಮಿ ಸಂಗೀತೋತ್ಸವದಲ್ಲಿ ಮುಂದಿನ ಸಾಲಿನಲ್ಲಿ ಕೂತ ರಸಿಕರ ಹಾಗೆ ಅವರು ದಾರಿಯುದ್ದಕ್ಕೂ ತಲೆದೂಗುತ್ತಿದ್ದರು. 2003ರ ಲಂಡನ್ ಮ್ಯಾರಥಾನಿನಲ್ಲಿ 2 ಗಂಟೆ 15 ನಿಮಿಷ 25 ಸೆಕೆಂಡು ಹೀಗೆ ತಲೆದೂಗಿದರು. ಮಹಿಳೆಯರ ಆ ವಿಶ್ವದಾಖಲೆ 2019ರವರೆಗೂ ಅಲ್ಲಾಡಲಿಲ್ಲ. ಅಲ್ಲಾಡಿದ್ದು ತಲೆ ಮಾತ್ರ. ಅಮೆರಿಕದ ಮೈಕೆಲ್ ಜಾನ್ಸನ್ ಬೆನ್ನನ್ನು ನೆಟ್ಟಗೆ ನಿಲ್ಲಿಸಿಕೊಂಡು, ಮೊಣಕಾಲನ್ನು ಮೇಲಕ್ಕೆತ್ತದೆ, ಗಿಡ್ಡ ಗಿಡ್ಡ ಹೆಜ್ಜೆ ಇಡುತ್ತ 1996ರ ಅಟ್ಲಾಂಟಾದಲ್ಲಿ 200 ಮತ್ತು 400 ಮೀಟರ್ ಎರಡನ್ನೂ ಗೆದ್ದರು. 200 ಮೀಟರಿಗೆ 19.32 ಸೆಕೆಂಡು, ಅದೂ ಆಗಿನ ವಿಶ್ವದಾಖಲೆ. ತಪ್ಪು ಭಂಗಿಯಲ್ಲಿ ಓಡಿದವರ ದಾಖಲೆಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡುವುದು ಕ್ಷೇಮ.

ಉಸೇನ್ ಬೋಲ್ಟ್ ಬಗ್ಗೆ ಹೇಳದೆ ಬಿಟ್ಟರೆ ಪಕ್ಷಪಾತವಾಗುತ್ತದೆ. ಅವರ ಬೆನ್ನುಮೂಳೆಯೇ ಸೊಟ್ಟ, ಎರಡು ಕಾಲುಗಳ ಉದ್ದವೂ ಸಮ ಇಲ್ಲ. ಅವರ ಓಟದ ವಿಡಿಯೋಗಳನ್ನು ಅಳೆದ ಅಮೆರಿಕದ ಸಂಶೋಧಕರು, ಬಲಗಾಲು ಎಡಗಾಲಿಗಿಂತ ಶೇ 13ರಷ್ಟು ಹೆಚ್ಚಿನ ಬಲದಿಂದ ನೆಲಕ್ಕೆ ಬಡಿಯುತ್ತದೆಂದೂ ಎಡಗಾಲು ನೆಲದ ಮೇಲೆ ಶೇ 14ರಷ್ಟು ಹೆಚ್ಚು ಹೊತ್ತು ಇರುತ್ತದೆಂದೂ 2017ರಲ್ಲಿ ಪತ್ತೆ ಮಾಡಿದರು. ಅಂದರೆ ಜಗತ್ತಿನ ಅತಿ ವೇಗದ ಮನುಷ್ಯ ಕುಂಟುತ್ತ ಓಡಿದ್ದಾನೆ. ಬೀಜಿಂಗಿನಲ್ಲಿ 2008ರಲ್ಲಿ 9.69 ಸೆಕೆಂಡಿಗೆ 100 ಮೀಟರ್ ಮುಗಿಸಿದಾಗ ಒಂದು ಶೂವಿನ ಲೇಸೂ ಬಿಚ್ಚಿಹೋಗಿತ್ತು, ಕೊನೆಯ ಕೆಲವು ಮೀಟರುಗಳಲ್ಲಿ ಎದೆ ಬಡಿದುಕೊಳ್ಳುವುದಕ್ಕೂ ಪುರುಸೊತ್ತು ಮಾಡಿಕೊಂಡಿದ್ದರು. ಲಾಲ್‌ಬಾಗಿನಲ್ಲಾಗಿದ್ದರೆ ನಾನು ಬೆಂಚಿನಿಂದಲೇ ಕೂಗಿ ನಿಲ್ಲಿಸುತ್ತಿದ್ದೆ.

ಇವರನ್ನೆಲ್ಲ ನೋಡಿ ಜನ ದಾರಿ ತಪ್ಪಬಾರದೆಂಬ ಕಳಕಳಿಯಿಂದ ಇನ್ನು ಶಾಸ್ತ್ರಕ್ಕೆ ಬರುತ್ತೇನೆ.

ಮೊದಲನೆಯದು ಹೆಜ್ಜೆಯ ಲೆಕ್ಕ, ಓಟಗಾರರ ಬಾಯಲ್ಲಿ ಕೇಡೆನ್ಸ್. ಜ್ಯಾಕ್ ಡೇನಿಯಲ್ಸ್ ಎಂಬ ಅಮೆರಿಕದ ತರಬೇತುದಾರರು 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ದೂರದ ಓಟದವರ ಹೆಜ್ಜೆಗಳನ್ನು ಎಣಿಸಿದರು. ಹೆಚ್ಚುಕಡಿಮೆ ಎಲ್ಲರೂ ನಿಮಿಷಕ್ಕೆ 180 ಅಥವಾ ಅದಕ್ಕಿಂತ ಹೆಚ್ಚು ಹೆಜ್ಜೆ ಹಾಕುತ್ತಿದ್ದರು. (ಗಮನಿಸಿ, ಎಣಿಸುವಾಗ ಡೇನಿಯಲ್ಸ್ ಕೂತಿದ್ದಿರಬೇಕು.) ಒಲಿಂಪಿಕ್ಸ್‌ನಲ್ಲಿ ಪದಕಕ್ಕಾಗಿ ಓಡುತ್ತಿದ್ದವರ ಈ ಸಂಖ್ಯೆಯನ್ನು ನಾವು ತಜ್ಞರು ಎತ್ತಿಕೊಂಡು ಬಂದು ಮಧುಮೇಹದ ಡಾಕ್ಟರು ಬೆಳಗ್ಗೆ ಸ್ವಲ್ಪ ಕೈಕಾಲು ಆಡಿಸಿ ಎಂದವರ ಕೈಗೆ ಕೊಟ್ಟಿದ್ದೇವೆ. ಜಯನಗರದ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರಿಗೆ ನಾನೇ ಮೊಬೈಲಿನಲ್ಲಿ ಮೆಟ್ರೊನೋಮ್ ಹಾಕಿಕೊಟ್ಟೆ. ಟಿಕ್ ಟಿಕ್ ಎಂದ ಹಾಗೆ ಹೆಜ್ಜೆ ಬಿತ್ತು. ಸರಿಯಾಗಿ 180. ಮ್ಯಾನೇಜರು ಮಾತ್ರ ನಿಂತ ಜಾಗದಲ್ಲೇ ಇದ್ದರು.

‘ಸಾರ್, ಮುಂದಕ್ಕೆ ಹೋಗೋದು ಯಾವಾಗ?’ ಎಂದರು ಏದುಸಿರು ಬಿಡುತ್ತ.

‘ಮುಂದಕ್ಕೆ ಹೋಗೋದು ಸ್ಟ್ರೈಡಿನ ವಿಷಯ ರಾಯರೇ. ಅದು ಮುಂದಿನ ತಿಂಗಳ ಪಾಠ.’

‘ಮತ್ತೆ ಈ ತಿಂಗಳು?’

‘ಈ ತಿಂಗಳು ಕೇಡೆನ್ಸಿನ ಫೀಸು.’

ಅವರಿಗೆ ಅರ್ಥವಾಯಿತು, ಬ್ಯಾಂಕಿನಲ್ಲಿ ಇದ್ದವರು. ಮುಂದಿನ ತಿಂಗಳು ಸ್ಟ್ರೈಡ್ ಕಲಿಸಿದೆ. ಹೆಜ್ಜೆ ಉದ್ದ ಮಾಡಿ ಎಂದ ಕೂಡಲೇ ಎಲ್ಲರಂತೆ ಅವರೂ ಕಾಲನ್ನು ಮೈಯಿಂದ ಒಂದು ಮಾರು ಮುಂದಕ್ಕೆ ಚಾಚಿ ಊರಿದರು. ಹಾಗೆ ಊರಿದ ಕಾಲು ಓಟಕ್ಕೆ ಬ್ರೇಕು. ಪಾದ ಸೊಂಟದ ನೇರಕ್ಕೆ ಆದಷ್ಟು ಹತ್ತಿರ ಬೀಳಬೇಕು. ಹಾಗಾದರೆ ಹೆಜ್ಜೆ ಉದ್ದವಾಗುವುದು ಹೇಗೆಂದರೆ, ನೆಲವನ್ನು ಬಲವಾಗಿ ಒದ್ದಾಗ. ಪೀಟರ್ ವೇಯಾಂಡ್ ಎಂಬ ಸಂಶೋಧಕರು ಮತ್ತು ಸಂಗಡಿಗರು 2000ದಲ್ಲಿ ಇದನ್ನು ಅಳೆದು ತೋರಿಸಿದ್ದಾರೆ. ಅತಿ ವೇಗದಲ್ಲಿ ಓಡುವಾಗ, ಜೋರಾಗಿ ಓಡುವವನೂ ನಿಧಾನದವನೂ ಕಾಲನ್ನು ಗಾಳಿಯಲ್ಲಿ ಹಿಂದಿನಿಂದ ಮುಂದಕ್ಕೆ ತರಲು ತೆಗೆದುಕೊಳ್ಳುವ ಹೊತ್ತು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ನೆಲಕ್ಕೆ ಕೊಡುವ ಪೆಟ್ಟಿನಲ್ಲಿ. ಜೋರಿನವನು ಗಟ್ಟಿಯಾಗಿ ಕೊಡುತ್ತಾನೆ, ಬೇಗ ಮುಗಿಸುತ್ತಾನೆ.

ವಿಜ್ಞಾನ ಚೆನ್ನಾಗಿದೆ. ಆದರೆ ಇದನ್ನು ಬರೆದವರು ನಮ್ಮ ಫುಟ್‌ಪಾತ್ ನೋಡಿಲ್ಲ. ಇಲ್ಲಿ ನೆಲವೆಂದರೆ ಚರಂಡಿಯ ಮೇಲೆ ಹೊದಿಸಿದ ಚಪ್ಪಡಿ. ಒಂದು ತುದಿ ಒದ್ದರೆ ಇನ್ನೊಂದು ತುದಿ ಏಳುತ್ತದೆ. ಅದರ ಮೇಲೆ ವೇಯಾಂಡ್ ಹೇಳಿದಷ್ಟು ಬಲ ಹಾಕಿದವನು ವೇಗವಾಗಿ ಹೋಗುತ್ತಾನೆ ನಿಜ, ಆದರೆ ಕೆಳಕ್ಕೆ. ಆದ್ದರಿಂದ ಬೆಂಗಳೂರಿನ ಶಿಷ್ಯರಿಗೆ ನಾನು ಈ ಅಧ್ಯಾಯವನ್ನು ಬಾಯಿಪಾಠ ಮಾಡಿಸುತ್ತೇನೆ, ಪ್ರಯೋಗ ಮಾಡಿಸುವುದಿಲ್ಲ.

ಉಸಿರಾಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಸಿರಾಡಿ.

ಕೈ ವಿಚಾರಕ್ಕೆ ಬಂದರೆ, ಮೊಣಕೈ ಸುಮಾರು 90 ಡಿಗ್ರಿ, ಮುಷ್ಟಿ ಸಡಿಲ, ಎರಡೂ ಕೈ ಸಮಸಮ. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ ಎಡಗೈಯನ್ನು ಸೊಟ್ಟಗೆ ಮೈಗೆ ಅಂಟಿಸಿಕೊಂಡು ಓಡುತ್ತಿದ್ದರು. ಹುಡುಗನಾಗಿದ್ದಾಗ ದಿನಾ ಹೋಗುವಾಗ ಹತ್ತು, ಬರುವಾಗ ಹತ್ತು ಕಿಲೋಮೀಟರ್ ಶಾಲೆಗೆ ಓಡುತ್ತಿದ್ದರಂತೆ, ಆ ಕೈಯಲ್ಲಿ ಪುಸ್ತಕ. 2000ದ ಸಿಡ್ನಿಯಲ್ಲಿ 10,000 ಮೀಟರ್ ಓಡಿ ಪಾಲ್ ಟೆರ್ಗಾಟ್ ಅವರನ್ನು ಬರೇ 0.09 ಸೆಕೆಂಡಿನಿಂದ ಸೋಲಿಸಿದಾಗಲೂ ಆ ಕೈಯಲ್ಲಿ ಪುಸ್ತಕ ಇದ್ದಂತೆಯೇ ಕಾಣುತ್ತಿತ್ತು. ಇದನ್ನು ಒಮ್ಮೆ ಪೋಷಕರ ಸಭೆಯಲ್ಲಿ ಹೇಳಿದೆ. ಒಬ್ಬ ತಾಯಿ ಎದ್ದು, ‘ಯಾವ ಪುಸ್ತಕ ಸಾರ್, ಸಿಬಿಎಸ್‌ಇನಾ ಸ್ಟೇಟಾ?’ ಎಂದು ಕೇಳಿ ಬರೆದುಕೊಂಡರು. ಇಪ್ಪತ್ತು ಕಿಲೋಮೀಟರನ್ನು ಯಾರೂ ಬರೆದುಕೊಳ್ಳಲಿಲ್ಲ. ಶಾಲೆಯ ವ್ಯಾನು ಗೇಟಿನಲ್ಲಿ ಹಾರ್ನ್ ಹಾಕುತ್ತಿತ್ತು.

ಪಾದದ ವಿಷಯದಲ್ಲಿ ಬಹಳ ಜಗಳಗಳಿವೆ. ಹಿಮ್ಮಡಿ ಮೊದಲು ಊರಬೇಕೋ ಮುಂಗಾಲೋ ಎಂದು. ಹುಟ್ಟಿನಿಂದ ಬರಿಗಾಲಲ್ಲಿ ಓಡಿ ಅಭ್ಯಾಸವಾದವರು ಹೆಚ್ಚಾಗಿ ಮುಂಗಾಲು ಊರುತ್ತಾರೆ, ಮೆತ್ತನೆ ಶೂ ಹಾಕಿದವರು ಹಿಮ್ಮಡಿ ಊರುತ್ತಾರೆ ಎಂದು ಹಾರ್ವರ್ಡಿನ ಡೇನಿಯಲ್ ಲೀಬರ್‌ಮನ್ ತಂಡ 2010ರಲ್ಲಿ ಬರೆದದ್ದೇ ತಡ, ಬರಿಗಾಲಿನಂತೆ ಓಡಲು ಅನುಕೂಲವಾಗುವ ಶೂಗಳು ಸಾವಿರಾರು ರೂಪಾಯಿಗೆ ಮಾರಾಟವಾದವು. ಬರಿಗಾಲು ಎಲ್ಲರ ಮನೆಯಲ್ಲೂ ಇತ್ತು, ಆದರೆ ಅದರ ಮೇಲೆ ಕಂಪನಿಯ ಹೆಸರು ಇರಲಿಲ್ಲ. ಇಥಿಯೋಪಿಯಾದವರೇ ಆದ ಅಬೆಬೆ ಬಿಕಿಲಾ 1960ರಲ್ಲಿ ರೋಮಿನ ಬೀದಿಗಳಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದರು, 2 ಗಂಟೆ 15 ನಿಮಿಷ 16 ಸೆಕೆಂಡು. ನಾಲ್ಕು ವರ್ಷದ ನಂತರ ಟೋಕಿಯೊದಲ್ಲಿ ಮತ್ತೆ ಗೆದ್ದರು, ಮೂರು ನಿಮಿಷ ಮೊದಲೇ. ಈ ನಡುವೆ ಆದ ಬದಲಾವಣೆ ಎರಡು. ಕಾಲಿಗೆ ಶೂ ಬಂದಿತ್ತು, ಹೊಟ್ಟೆಯಿಂದ ಅಪೆಂಡಿಕ್ಸ್ ಹೋಗಿತ್ತು. ಟೋಕಿಯೊ ಓಟಕ್ಕೆ ಕೆಲವೇ ವಾರ ಮೊದಲು ಆಪರೇಷನ್ ಆಗಿತ್ತು. ಮೂರು ನಿಮಿಷ ಉಳಿದದ್ದು ಯಾವುದರಿಂದ ಎಂದು ವಿಜ್ಞಾನ ಖಚಿತವಾಗಿ ಹೇಳಿಲ್ಲ. ನಾನು ಸದ್ಯಕ್ಕೆ ಶೂವನ್ನೇ ಶಿಫಾರಸು ಮಾಡುತ್ತಿದ್ದೇನೆ. ಅಪೆಂಡಿಕ್ಸಿಗಾದರೆ ಇನ್ಶೂರೆನ್ಸ್ ಸಿಗುತ್ತದೆ, ಅದರಲ್ಲಿ ತಜ್ಞರಿಗೆ ಕಮಿಷನ್ ಇಲ್ಲ.

ಇನ್ನು ನಮ್ಮ ಕರಾವಳಿ. ಮಿಜಾರಿನ ಶ್ರೀನಿವಾಸ ಗೌಡರು 2020ರಲ್ಲಿ ಐಕಳದ ಕಂಬಳದಲ್ಲಿ ಕೋಣಗಳ ಜೊತೆ 142.5 ಮೀಟರ್ ಕೆಸರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ತ್ರೈರಾಶಿ ಹಾಕಿ, ಇದು 100 ಮೀಟರಿಗೆ 9.55 ಸೆಕೆಂಡಾಯಿತು, ಬೋಲ್ಟ್ ಅವರ 9.58ರ ವಿಶ್ವದಾಖಲೆ ಮುರಿಯಿತು ಎಂದರು. ದೇಶವಿಡೀ ಗೌಡರ ತೊಡೆ, ಎದೆ, ಭುಜಗಳ ಫೋಟೊ ಓಡಾಡಿತು. ಎಲ್ಲರೂ ಅವರ ಭಂಗಿಯನ್ನು ಕೊಂಡಾಡಿದರು. ಅವರ ಕೈಯಲ್ಲಿದ್ದ ಹಗ್ಗದ ಇನ್ನೊಂದು ತುದಿಯ ಕಡೆ ನೋಡಿದವರು ಕಡಿಮೆ. ಆ ತುದಿಯಲ್ಲಿ ಎರಡು ಕೋಣಗಳಿದ್ದವು. ಭಂಗಿ ತಿದ್ದುವ ಸಾಧನಗಳಲ್ಲಿ ಇಷ್ಟು ಪರಿಣಾಮಕಾರಿಯಾದದ್ದು ಇನ್ನೂ ಮಾರುಕಟ್ಟೆಗೆ ಬಂದಿಲ್ಲ. ಅಪಾರ್ಟ್‌ಮೆಂಟುಗಳಲ್ಲಿ ಸಾಕಲು ಸಂಘದ ಅನುಮತಿ ಸಿಕ್ಕರೆ ನಗರದ ಸರಾಸರಿ ವೇಗ ಒಂದೇ ವಾರದಲ್ಲಿ ಏರುತ್ತದೆ.

ಕೇಂದ್ರ ಕ್ರೀಡಾ ಸಚಿವರೇ ಗೌಡರನ್ನು ಟ್ರಯಲ್ಸ್‌ಗೆ ಕರೆದರು. ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಕಾಲಬೆರಳಿನ ಕೆಲಸ, ಎರಡೂ ಬೇರೆ ಎಂದರು. ತನ್ನ ವೇಗದಲ್ಲಿ ಕೋಣಗಳ ಪಾಲೂ ಇದೆ ಎಂದರು. ಯಾವ ನೆಲಕ್ಕೆ ಯಾವ ಕಾಲು ಎಂಬ ಇಡೀ ಶಾಸ್ತ್ರವನ್ನು ಇವರು ಒಂದು ಪೈಸೆ ಪಡೆಯದೆ, ಒಂದು ಸ್ಲೈಡ್ ಕೂಡ ತೋರಿಸದೆ, ಎರಡು ಮಾತಿನಲ್ಲಿ ಹೇಳಿ ಮುಗಿಸಿಬಿಟ್ಟರು. ನಮ್ಮ ವೃತ್ತಿಗೆ ಪೆಟ್ಟು ಬೀಳುವುದು ಇಂಥವರಿಂದಲೇ.

ಭಂಗಿಯಿಂದ ನಿಜವಾಗಿ ಲಾಭವಾಗುವ ಜಾಗ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಅದು ಕೊನೆಯ ಗೆರೆ. 1984ರ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡಿಗೆ ಬಂದರು, ರೊಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41ಕ್ಕೆ. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕೈತಪ್ಪಿತು. ಕೊನೆಯಲ್ಲಿ ಎದೆಯನ್ನು ಮುಂದಕ್ಕೆ ಚಾಚಿದ್ದರೆ ಎಂದು ಇವತ್ತಿಗೂ ಜನ ಪೇಚಾಡುತ್ತಾರೆ. ನಿಯಮದ ಪ್ರಕಾರ ತಲೆ, ಕುತ್ತಿಗೆ, ಕೈ, ಕಾಲು ಯಾವುದು ಗೆರೆ ದಾಟಿದರೂ ಲೆಕ್ಕಕ್ಕಿಲ್ಲ. ಮುಂಡ ಮುಟ್ಟಬೇಕು.

ಈ ನಿಯಮವನ್ನು ನಮ್ಮವರು ಸರಿಯಾಗಿ ಓದಿಕೊಂಡಿಲ್ಲ. ಮುಂಡವೆಂದರೆ ಬರೇ ಎದೆಯಲ್ಲ, ಹೊಟ್ಟೆಯೂ ಅದರೊಳಗೆ ಬರುತ್ತದೆ. ನಲವತ್ತು ದಾಟಿದ ಗೃಹಸ್ಥನೊಬ್ಬ ಗೆರೆಯ ಹತ್ತಿರ ಬಂದಾಗ ಅವನ ಎದೆಗಿಂತ ಮುಂದೆ ಗೇಣುದ್ದ ಹೊಟ್ಟೆ ಬಂದಿರುತ್ತದೆ. ಉಷಾ ಅವರಿಗೆ ಬೇಕಾಗಿದ್ದದ್ದು ಇದರ ಒಂದು ಪಾಲು ಅಷ್ಟೆ. ಇಷ್ಟು ದೊಡ್ಡ ಅನುಕೂಲವನ್ನು ಕೈಯಲ್ಲಿಟ್ಟುಕೊಂಡು ನಮ್ಮವರು ಅದನ್ನು ಕರಗಿಸುವುದಕ್ಕೆಂದೇ ಓಡುತ್ತಾರೆ ಎಂಬುದು ಈ ಕ್ಷೇತ್ರದ ಬಹುದೊಡ್ಡ ದುರಂತ. ಓಟ ಮುಗಿದ ಮೇಲೆ ಬಸವನಗುಡಿಯ ಕಡೆ ತಿರುಗಿ ಎರಡು ಇಡ್ಲಿ, ಒಂದು ವಡೆ, ಮೇಲೊಂದು ಬೆಣ್ಣೆ ದೋಸೆ ತಿನ್ನುವವರನ್ನು ಕಂಡರೆ ನನಗೆ ಸ್ವಲ್ಪ ಸಮಾಧಾನ. ಅವರು ತಿಳಿದೋ ತಿಳಿಯದೆಯೋ ಫಿನಿಷಿಂಗ್ ಅಭ್ಯಾಸ ಮಾಡುತ್ತಿರುತ್ತಾರೆ. ಬೆಂಗಳೂರಿನ ಹತ್ತು ಕಿಲೋಮೀಟರ್ ಓಟಗಳಲ್ಲಿ ಇನ್ನೊಂದು ಜಾಗದಲ್ಲೂ ಒಳ್ಳೆಯ ಭಂಗಿ ಕಾಣಸಿಗುತ್ತದೆ, ಫೋಟೊಗ್ರಾಫರ್ ಕೂತಿರುವ ತಿರುವಿನಲ್ಲಿ. ಅಲ್ಲಿ ಎಲ್ಲರ ಬೆನ್ನೂ ನೆಟ್ಟಗಾಗುತ್ತದೆ, ಮೊಣಕಾಲು ಏಳುತ್ತದೆ, ಮುಖದಲ್ಲಿ ನಗು. ಆ ಇಪ್ಪತ್ತು ಮೀಟರಿಗೆ ನಾನು ಪೂರ್ಣಾಂಕ ಕೊಡುತ್ತೇನೆ.

ಮುಂದಿನ ಶಿಬಿರ ಸದ್ಯದಲ್ಲೇ ಆರಂಭ. ಶೂ ತರಬೇಕಾಗಿಲ್ಲ, ಕೂರುವುದಕ್ಕೆ ಚಾಪೆ ತನ್ನಿ. ಫೀಸು ಮುಂಗಡ. ವಾರಕ್ಕೆ ನಾಲ್ಕೈದು ದಿನ ಬಿಡದೆ ಓಡುವ ಅಭ್ಯಾಸ ಇರುವವರು ದಯವಿಟ್ಟು ಅರ್ಜಿ ಹಾಕಬೇಡಿ. ಅವರ ವೇಗ ಹೇಗೂ ಏರುತ್ತಲೇ ಇರುತ್ತದೆ, ಅದು ಯಾರು ಕಲಿಸಿದ್ದರಿಂದ ಏರಿತು ಎಂಬ ತಕರಾರು ಆಮೇಲೆ ಬಗೆಹರಿಯುವುದಿಲ್ಲ.