ಚಕ್ಷುಶ್ರವ ಸಿದ್ಧಾಂತ

ಮಂಗಳಾಚರಣೆಯ ಬದಲಿಗೆ ಆಂಪ್ಲಿಫೈಯರನ್ನು ಅರ್ಧ ಗಂಟೆ ಬಿಸಿಗಿಟ್ಟು ಈ ಪ್ರಬಂಧಕ್ಕೆ ತೊಡಗಿದ್ದೇವೆ.

ಆಂಪ್ಲಿಫೈಯರುಗಳಲ್ಲಿ ನಾದಭೇದ ಉಂಟೆಂಬುದು ನಮ್ಮ ಪಕ್ಷ. ಇಲ್ಲವೆನ್ನುವ ಪೂರ್ವಪಕ್ಷಿಗಳು 1987ರ ಜನವರಿಯ ‘ಸ್ಟೀರಿಯೊ ರಿವ್ಯೂ’ ಎಂಬ ಅಮೆರಿಕದ ಪತ್ರಿಕೆಯ ಪರೀಕ್ಷೆಯೊಂದನ್ನು ಪ್ರಮಾಣವಾಗಿ ತರುತ್ತಾರೆ. 25 ಜನ ಕೇಳುಗರು. ಇನ್ನೂರು ಚಿಲ್ಲರೆ ಡಾಲರಿನ ರಿಸೀವರಿನಿಂದ ಹಿಡಿದು 12,000 ಡಾಲರಿನ ವಾಲ್ವ್ ಜೋಡಿಯವರೆಗೆ ಆಂಪ್ಲಿಫೈಯರುಗಳು. ಯಾವುದು ನುಡಿಯುತ್ತಿದೆ ಎಂಬುದು ಗುಟ್ಟು. ಸರಿಯುತ್ತರ ಹೆಚ್ಚುಕಡಿಮೆ ಅರ್ಧಕ್ಕರ್ಧ. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು, ನಾಣ್ಯಕ್ಕೆ ಕಾಫಿ ಕೊಡುವ ಖರ್ಚೂ ಇರುತ್ತಿರಲಿಲ್ಲ.

ಎರಡನೆಯ ಪ್ರಮಾಣ ರಿಚರ್ಡ್ ಕ್ಲಾರ್ಕ್ ಎಂಬ ಕಾರ್ ಆಡಿಯೊ ತಜ್ಞರ ಪಂಥಾಹ್ವಾನ. ಎರಡು ಆಂಪ್ಲಿಫೈಯರುಗಳಲ್ಲಿ ನುಡಿಯುತ್ತಿರುವುದು ಯಾವುದೆಂದು ಹನ್ನೆರಡಕ್ಕೆ ಹನ್ನೆರಡು, ಅದೂ ಎರಡು ಬಾರಿ, ಸರಿಯಾಗಿ ಗುರುತಿಸಿದವರಿಗೆ 10,000 ಡಾಲರ್. ಬರೀ ಅದೃಷ್ಟದಿಂದ ಮೊದಲ ಹನ್ನೆರಡನ್ನು ದಾಟಲು 4,096ರಲ್ಲಿ ಒಂದು ಅವಕಾಶ. ಹಣ ಕ್ಲಾರ್ಕರ ಜೇಬಿನಲ್ಲೇ ಉಳಿಯಿತು. ಕಾರಣ ಸ್ಪಷ್ಟ: ಅವರು ಎರಡರ ಸದ್ದಿನ ಮಟ್ಟವನ್ನೂ ಅಳೆದು ಸಮ ಮಾಡುತ್ತಿದ್ದರು. ಒಂದು ಡೆಸಿಬೆಲ್ಲಿಗೂ ಕಡಿಮೆ ಏರಿಸಿದರೆ ಕಿವಿಗೆ ಅದು ಜೋರು ಅನ್ನಿಸುವುದಿಲ್ಲ, ‘ಆಹಾ, ಏನು ಮಾಧುರ್ಯ!’ ಅನ್ನಿಸುತ್ತದೆ. ಅಷ್ಟು ಅಗ್ಗದ ಮಾಧುರ್ಯವನ್ನೂ ಕಿತ್ತುಕೊಂಡರೆ ರಸಿಕನಿಗೆ ಉಳಿಯುವುದೇನು?

(ಕೆಲವು ವಾಲ್ವ್ ಯಂತ್ರಗಳ ಔಟ್‌ಪುಟ್ ಇಂಪೀಡೆನ್ಸ್ ಹೆಚ್ಚಿರುವುದರಿಂದ ಸ್ಪೀಕರಿಗೆ ತಕ್ಕಂತೆ ಸ್ವರದ ತೂಕ ನಿಜಕ್ಕೂ ಬದಲಾಗುತ್ತದೆ, ತಾಕತ್ತು ಮೀರಿ ದುಡಿಸಿದರೆ ಯಾವ ಯಂತ್ರವೂ ಒರಲುತ್ತದೆ. ಇವು ಅಳೆದು ತೋರಿಸಬಹುದಾದ ಭೇದಗಳು. ಆದ್ದರಿಂದಲೇ ನಮ್ಮ ಪಕ್ಷದಲ್ಲಿ ಇವಕ್ಕೆ ಮರ್ಯಾದೆಯಿಲ್ಲ.)

ಈಗ ಸಿದ್ಧಾಂತ. ಸಂಸ್ಕೃತದಲ್ಲಿ ಹಾವಿಗೆ ಚಕ್ಷುಶ್ರವ ಎಂದು ಹೆಸರು. ಕಣ್ಣಿನಿಂದಲೇ ಕೇಳುವಂಥದ್ದು ಎಂದರ್ಥ. ಆಡಿಯೊ ರಸಿಕನೂ ಇದೇ ಕುಲದವನು. ಹೆಬ್ಬೆರಳು ದಪ್ಪದ ಮುಂಫಲಕ, ಮಂದವಾಗಿ ಉರಿಯುವ ವಾಲ್ವು, ಎತ್ತಿದರೆ ಸೊಂಟ ಹಿಡಿಯುವ ಭಾರ, ಬಿಲ್ಲಿನ ಕೊನೆಯ ಸಾಲು, ಇವೆಲ್ಲ ಅವನ ಶ್ರವಣ ಸಾಮಗ್ರಿ. ಅಂಥವನೆದುರು ಪರದೆ ಎಳೆದು ‘ಕೇಳಿಸಿತೇ?’ ಎನ್ನುವುದು, ಅವನ ಕಿವಿಗೆ ಹತ್ತಿ ತುರುಕಿ ಕೇಳಿದಂತೆಯೇ ಸರಿ. ಪೂರ್ವಪಕ್ಷಿಗಳು ಪರೀಕ್ಷಿಸಿದ್ದು ಆಂಪ್ಲಿಫೈಯರನ್ನಲ್ಲ. ಕಿವುಡು ಮಾಡಿದ ಹಾವನ್ನು.

ಹಾವು ಪುಂಗಿಯ ನಾದಕ್ಕಲ್ಲ, ಅದರ ಓಲಾಟಕ್ಕೆ ತಲೆದೂಗುತ್ತದೆಂದು ಪ್ರಾಣಿಶಾಸ್ತ್ರಜ್ಞರೂ ಒಪ್ಪುತ್ತಾರೆ. ಷೋರೂಮಿನ ಹುಡುಗನಿಗೆ ಇದು ಓದದೆಯೇ ಗೊತ್ತು. ಮೊನ್ನೆ ನಮ್ಮೆದುರು ಅವನು ಹೊಸ ಯಂತ್ರದ ಗುಂಡಿ ತಿರುವಿದ. ನಾವು ಕಣ್ಮುಚ್ಚಿ ತಲೆದೂಗಿದೆವು. ‘ಸಾರ್, ಇನ್ನೂ ಪ್ಲಗ್ ಹಾಕಿಲ್ಲ’ ಎಂದ.