ಕುಬೇರನ ದಿಕ್ಕಿನ ಗಿಡ

ಲಂಡನ್ನಿನ ಮನೆ ದಲ್ಲಾಳಿಗಳಿಗೂ ಒಂದು ವಾಸ್ತುವಿದೆ. ನಮ್ಮದಕ್ಕೆ ತೀರ ಉಲ್ಟಾ, ಅಷ್ಟೆ. ಹಿತ್ತಿಲು ದಕ್ಷಿಣಕ್ಕಿದ್ದರೆ ಜಾಹೀರಾತಿನಲ್ಲಿ ಅದನ್ನೇ ಮೊದಲು ಹಾಕುತ್ತಾರೆ. ಉತ್ತರಕ್ಕಿದ್ದರೆ ದಿಕ್ಕಿನ ಸುದ್ದಿಯನ್ನೇ ಎತ್ತದೆ ಅಡುಗೆಮನೆಯ ಟೈಲ್ಸನ್ನು ಹೊಗಳುತ್ತಾರೆ. ಮೈಸೂರಿನಲ್ಲಿ ದಕ್ಷಿಣದ ಬಾಗಿಲೆಂದರೆ ಯಮನನ್ನು ನೆನೆದು ಹಿಂದೆ ಸರಿಯುವ ನಮ್ಮವರು, ಅಲ್ಲಿಗೆ ಹೋದಮೇಲೆ ದಕ್ಷಿಣಕ್ಕೆಂದೇ ಹೆಚ್ಚಿನ ದುಡ್ಡು ತೆರುತ್ತಾರೆ. ನನ್ನ ಮಗಳು, ಅಳಿಯ ಮಾತ್ರ ಕುಬೇರನನ್ನು ನಂಬಿ ಉತ್ತರದ ಹಿತ್ತಿಲಿನ ಮನೆ ಕೊಂಡರು. ಕುಬೇರನ ವಿಷಯ ಬ್ಯಾಂಕಿನವರಿಗೆ ಗೊತ್ತು, ಸೂರ್ಯನಂತೂ ಬರಲಿಲ್ಲ. ಡಿಸೆಂಬರಿನ ನಡುಹಗಲಲ್ಲೂ ಆ ಊರಿನ ಸೂರ್ಯ ಏರುವುದು ದಿಗಂತದಿಂದ ಸುಮಾರು 15 ಡಿಗ್ರಿ, ಅದೂ ದಕ್ಷಿಣದಲ್ಲಿ. ಎರಡಂತಸ್ತಿನ ಮನೆ ಅಡ್ಡ ನಿಂತಮೇಲೆ ಹಿತ್ತಿಲಿಗೆ ಉಳಿಯುವುದು ನೆರಳೇ.

ಅಂಥ ಜಾಗದಲ್ಲಿ ಮಗಳು ಗುಲಾಬಿ ನೆಟ್ಟಳು. ಅದು ಬಿಸಿಲು ಹುಡುಕಿಕೊಂಡು ಕತ್ತು ಉದ್ದ ಮಾಡಿ, ಬೇಲಿಯಾಚೆ ಪಕ್ಕದ ಮನೆಯವರಿಗೆ ಹೂ ಕೊಟ್ಟಿತು. ಲ್ಯಾವೆಂಡರ್ ಬೇರು ಕೊಳೆತು ಹೋಯಿತು. ಉಳಿದದ್ದು, ಹಿಂದಿನ ಮಾಲೀಕರು ಬಿಟ್ಟುಹೋಗಿದ್ದ, ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಪೊದೆ: ಫ್ಯಾಟ್ಸಿಯಾ ಜಪೋನಿಕಾ. ಕೈಬೆರಳು ಬಿಡಿಸಿಟ್ಟಂಥ ಸೀಳೆಲೆ, ದೊಡ್ಡದಾದರೆ 40 ಸೆಂಟಿಮೀಟರ್ ಅಗಲ, ವರ್ಷಪೂರ್ತಿ ಹಸಿರು. ಗೋಡೆ ಬದಿಯಲ್ಲಿ ಯಾರ ಹಂಗೂ ಇಲ್ಲದೆ ಮಿರಿಮಿರಿ ಮಿಂಚುತ್ತಿತ್ತು.

ವಿಡಿಯೋ ಕಾಲಿನಲ್ಲಿ ಅದನ್ನು ಕಂಡ ನಮ್ಮಕ್ಕ ಕೂಗಿದಳು: “ಲೋ, ಹರಳಿನ ಗಿಡ ಕಣೋ ಅದು! ಎರಡು ಎಲೆ ಬಾಡಿಸಿ ಮಂಡಿಗೆ ಕಟ್ಕೋ.”

“ಹರಳಲ್ಲ ಅಕ್ಕ, ಇದು ಜಪಾನಿನ ಗಿಡ.”

“ಯಾಕೆ, ಜಪಾನಿನವರಿಗೆ ಮಂಡಿನೋವು ಬರಲ್ವೇನೋ?”

ಅಕ್ಕನನ್ನು ದೂರುವಂತಿಲ್ಲ, ಇಂಗ್ಲಿಷರೂ ಇದನ್ನು ಹರಳೆಣ್ಣೆ ಗಿಡವೆಂದೇ ಕರೆಯುತ್ತಾರೆ, ಬಲ್ಲವರು ಮಾತ್ರ ಮುಂದೊಂದು ‘ಸುಳ್ಳು’ ಸೇರಿಸುತ್ತಾರೆ. ಚಿಕ್ಕಂದಿನಲ್ಲಿ ಮೂಗು ಹಿಡಿಸಿಕೊಂಡು ಹರಳೆಣ್ಣೆ ಕುಡಿದವನಿಗೆ ಆ ವಂಶದ ಗುರುತು ತಪ್ಪುವುದಿಲ್ಲ. ಹರಳಿಗೆ ಬಿಸಿಲು ಬೇಕು, ಹಿಮ ಬಿದ್ದರೆ ಸತ್ತೇಹೋಗುತ್ತದೆ. ಫ್ಯಾಟ್ಸಿಯಾ ಐವಿ ಬಳ್ಳಿಗೆ, ಜಿನ್‌ಸೆಂಗಿಗೆ ದಾಯಾದಿ.

ಇದನ್ನು ಯುರೋಪಿಗೆ ಪರಿಚಯಿಸಿದವನು ಸ್ವೀಡನ್ನಿನ ವೈದ್ಯ ಕಾರ್ಲ್ ಪೀಟರ್ ಥುನ್‌ಬರ್ಗ್, ಸಸ್ಯಶಾಸ್ತ್ರಜ್ಞ ಲಿನ್ನೇಯಸನ ಶಿಷ್ಯ. 1775ರಲ್ಲಿ ಡಚ್ ಕಂಪನಿಯ ನೌಕರನಾಗಿ ನಾಗಸಾಕಿಗೆ ಹೋದ. ಆಗ ಜಪಾನು ಪರದೇಶಿಗಳನ್ನು ದೆಜಿಮಾ ಎಂಬ ಪುಟ್ಟ ದ್ವೀಪದಾಚೆ ಸುಲಭಕ್ಕೆ ಬಿಡುತ್ತಿರಲಿಲ್ಲ. ಪುಣ್ಯಾತ್ಮ ದ್ವೀಪದ ದನಗಳಿಗೆಂದು ತರುತ್ತಿದ್ದ ಮೇವನ್ನೇ ಕೆದಕಿ ಹೊಸ ಸಸ್ಯ ಹುಡುಕುತ್ತಿದ್ದನಂತೆ. 1784ರಲ್ಲಿ ಬಂದ ಅವನ ‘ಫ್ಲೋರಾ ಜಪೋನಿಕಾ’ದಲ್ಲಿ ಈ ಗಿಡವೂ ಇದೆ. 1838ರ ಹೊತ್ತಿಗೆ ಅದು ಬ್ರಿಟನ್ನಿಗೆ ಬಂತು. ಅಲ್ಲಿಯವರು ಮೊದಲು ಗಾಜಿನ ಮನೆಯಲ್ಲಿಟ್ಟು ಮುದ್ದು ಮಾಡಿದರು. ಹೊರಗಿನ ಚಳಿಗೂ ಹೊಗೆಗೂ ಜಗ್ಗದ ಗಟ್ಟಿಪಿಂಡ ಎಂಬುದು ಆಮೇಲೆ ತಿಳಿಯಿತು.

ಹಿಮ ಬಿದ್ದ ಬೆಳಗ್ಗೆ ಮಾತ್ರ ಎಲೆಗಳೆಲ್ಲ ಜೋತುಬೀಳುತ್ತವೆ, ಹೋಮ್‌ವರ್ಕ್ ಮಾಡದ ಹುಡುಗರು ಮೇಷ್ಟ್ರೆದುರು ನಿಂತ ಹಾಗೆ. ಹಿಮ ಕರಗಿತೋ, ಏನೂ ಆಗಿಲ್ಲವೆಂಬಂತೆ ತಲೆಯೆತ್ತುತ್ತವೆ. ಉಳಿದ ಗಿಡಗಳು ಅಂಗಡಿ ಮುಚ್ಚುವ ಅಕ್ಟೋಬರ್-ನವೆಂಬರಿನಲ್ಲಿ ಇದು ಬಿಳಿಯ ಉಂಡೆಯುಂಡೆ ಹೂ ಬಿಡುತ್ತದೆ. ಅಳಿದುಳಿದ ಜೇನು, ಕಣಜ, ನೊಣಗಳಿಗೆಲ್ಲ ಅಲ್ಲೇ ಸಮಾರಾಧನೆ. ಆಮೇಲೆ ಬರುವ ಕಪ್ಪು ಹಣ್ಣು ಹಕ್ಕಿಗಳ ಪಾಲು.

ಇದರ ಮನೆತನದಲ್ಲಿ ಒಂದು ಅಂತರ್ಜಾತಿ ವಿವಾಹವೂ ನಡೆದಿದೆ. 1912ರಲ್ಲಿ ಫ್ರಾನ್ಸಿನ ನಾಂಟ್ ಪಟ್ಟಣದ ಲಿಜೆ ಸಹೋದರರ ನರ್ಸರಿಯಲ್ಲಿ ಫ್ಯಾಟ್ಸಿಯಾಕ್ಕೂ ಐವಿಗೂ ಗಂಟುಹಾಕಿದರು. ಹುಟ್ಟಿದ್ದು ಫ್ಯಾಟ್ಸ್‌ಹೆಡೆರಾ. ಅದಕ್ಕೆ ಫ್ಯಾಟ್ಸಿಯಾದಂತೆ ಸ್ವಂತ ಕಾಲಮೇಲೆ ನಿಲ್ಲಲು ಬಾರದು, ಐವಿಯಂತೆ ಗೋಡೆ ಹಿಡಿದು ಹತ್ತಲೂ ಬಾರದು. ಯಾರಾದರೂ ಗೂಟಕ್ಕೆ ಕಟ್ಟಬೇಕು. ಬೀಜವೂ ಕಟ್ಟುವುದಿಲ್ಲ. ಆದರೂ ನೋಡಲು ಲಕ್ಷಣವಾಗಿದೆಯೆಂದು ಜನ ಸಾಕುತ್ತಾರೆ.

ನೆರಳಿನಲ್ಲಿ ಹೂವನ್ನೇ ಬೇಡುವುದು ತೋಟಗಾರರ ಹಟ. ಬೆಳಕು ಕಡಿಮೆಯಿದ್ದಲ್ಲಿ ಅಗಲ ಎಲೆ ಹರಡಿದವನೇ ಬದುಕುತ್ತಾನೆ; ಮಲೆನಾಡಿನ ಅಡಿಕೆ ತೋಟದಡಿಯ ಕೆಸುವಿನದೂ ಇದೇ ಲೆಕ್ಕಾಚಾರ. ಅಷ್ಟಗಲದ ಎಲೆಯನ್ನು ಸುಡುಬಿಸಿಲಿಗೆ ಒಡ್ಡಿದರೆ ಹಳದಿಯಾಗಿ ಅಂಚು ಕರಕಲಾಗುತ್ತದೆ. ಫ್ಯಾಟ್ಸಿಯಾ ಸೊರಗಿದೆಯೆಂದು ಕುಂಡವನ್ನು ಬಿಸಿಲಿಗೆ ಎಳೆದಿಡುವ ದಯಾಳುಗಳೇ ಅದರ ಶತ್ರುಗಳು.

ನೆಡುವುದಾದರೆ ಬಾಗಿಲಿನಿಂದ ದೂರ ನೆಡಿ. ಅಂಗಡಿಯ ಕುಂಡದಲ್ಲಿ ಮೊಳದುದ್ದ ಕಾಣುವ ಸಾಧು ಪ್ರಾಣಿ ಬರಬರುತ್ತಾ ಮೂರು ಮೀಟರ್ ಎತ್ತರ, ಅಷ್ಟೇ ಅಗಲ ಆಗುತ್ತದೆ. ಆಮೇಲೆ ಮನೆಯೊಳಗೆ ಹೋಗಲು ಅದರ ಅಪ್ಪಣೆ ಬೇಕು. ಕೆಳಗಿನ ಹಳೆಯ ಎಲೆ ಹಣ್ಣಾಗಿ ಉದುರಿದರೆ ಗಾಬರಿ ಬೇಡ. ಕತ್ತರಿ ಹಾಕುವುದಿದ್ದರೆ ವಸಂತದಲ್ಲಿ ಹಾಕಿ. ಬುಡದವರೆಗೆ ಕಡಿದರೂ ಚಿಗುರುತ್ತದೆ. ಸೂಟ್‌ಕೇಸಿನಲ್ಲಿ ಒಂದು ಕಡ್ಡಿ ಊರಿಗೆ ತರುವ ಆಸೆ ಮಾತ್ರ ಬಿಡಿ. ನಮ್ಮ ಏಪ್ರಿಲ್ ತಿಂಗಳ ಕಾವು ಅದಕ್ಕೆ ಹಿಡಿಸುವುದಿಲ್ಲ. ನಮ್ಮ ನೆರಳಿಗೆ ನಮ್ಮ ಕೆಸುವೇ ಸಾಕು, ಪತ್ರೊಡೆಯಾದರೂ ಮಾಡಬಹುದು.