ಗೇರಿಲ್ಲದ ಸೈಕಲ್ಲಿನ ಗ್ರಹಗತಿ

ಗೇರಿಲ್ಲದ ಸೈಕಲ್ಲನ್ನು ಸಾಧುಪ್ರಾಣಿಯೆಂದು ಹೊಗಳುವವರು ಅದರ ಚೈನನ್ನು ಬಿಗಿ ಮಾಡಲು ಎಂದೂ ಕುಳಿತವರಲ್ಲ. ಗೇರಿನ ಸೈಕಲ್ಲಿನಲ್ಲಿ ಜೋಲುವ ಚೈನನ್ನು ಎಳೆದು ಹಿಡಿಯಲು ಸ್ಪ್ರಿಂಗಿನ ತೋಳೊಂದು ಹಗಲಿರುಳೂ ಸೇವೆಗೆ ನಿಂತಿರುತ್ತದೆ. ನಮ್ಮ ಕರಿಯ ಸೈಕಲ್ಲಿಗೆ ಅಂಥ ಪರಿಚಾರಕರಿಲ್ಲದ ಕಾರಣ, ಹಿಂದಿನ ಚಕ್ರದ ನಟ್ಟುಗಳನ್ನು ಸಡಿಲಿಸಿ, ಚಕ್ರವನ್ನು ಹಿಂದಕ್ಕೆ ಜಗ್ಗಿ, ಅದು ಓರೆಯಾಗದಂತೆ ಎರಡು ಕಡೆಯೂ ಸಮನಾಗಿ ಬಿಗಿಯುವ ಕೈಂಕರ್ಯವು ಯಜಮಾನನ ಪಾಲಿಗೇ ಬರುತ್ತದೆ. ಚೈನಿನ ನಡುಭಾಗವನ್ನು ಬೆರಳಿನಿಂದ ಒತ್ತಿದರೆ ಅರ್ಧ ಅಂಗುಲದಷ್ಟು ಆಡಬೇಕೆಂಬುದು ಸೈಕಲ್ ಶಾಪಿನ ಶಾಸ್ತ್ರ. ಅದಕ್ಕಿಂತ ಬಿಗಿಯಾದರೆ ಬೇರಿಂಗು ನರಳುತ್ತದೆ. ಸಡಿಲಾದರೆ, ಬಿಳಿಯ ಪಂಚೆಯುಟ್ಟು ಮದುವೆಗೆ ಹೊರಟ ದಿನವನ್ನೇ ನೋಡಿಕೊಂಡು ಚೈನು ಕಳಚುತ್ತದೆ.

ಶಾಸ್ತ್ರೋಕ್ತವಾಗಿ ಅರ್ಧ ಅಂಗುಲವನ್ನು ಉಳಿಸಿ, ಕೈಯ ಮಸಿಯನ್ನು ಒರೆಸಿಕೊಂಡು, ಪೆಡಲನ್ನು ಅರ್ಧ ಸುತ್ತು ತಿರುಗಿಸಿದಿರೋ, ಆ ಅರ್ಧ ಅಂಗುಲವು ಅಂತರ್ಧಾನವಾಗಿರುತ್ತದೆ. 1880ರಲ್ಲಿ ರೋಲರ್ ಚೈನನ್ನು ಲೋಕಕ್ಕೆ ಕೊಟ್ಟ ಮ್ಯಾಂಚೆಸ್ಟರಿನ ಹ್ಯಾನ್ಸ್ ರೆನಾಲ್ಡನನ್ನು ಶಪಿಸಿ ಫಲವಿಲ್ಲ. ಅಪರಾಧವು ಪೆಡಲಿನ ಪಕ್ಕದ ಹಲ್ಲಿನ ಚಕ್ರದ್ದು. ಅದರ ಕೇಂದ್ರವೂ ಅಚ್ಚಿನ ಕೇಂದ್ರವೂ ಒಂದೇ ಆಗಿರಬೇಕಾದಲ್ಲಿ ಕೂದಲೆಳೆಯಷ್ಟು ಭಿನ್ನಾಭಿಪ್ರಾಯವಿದ್ದು, ಸುತ್ತಿನಲ್ಲೊಮ್ಮೆ ಚಕ್ರವು ಮುಂದೆ ಸರಿದು ಚೈನನ್ನು ಬಿಗಿಯುತ್ತದೆ, ಒಮ್ಮೆ ಹಿಂದೆ ಸರಿದು ಸಡಿಲಿಸುತ್ತದೆ. ಫ್ರೀವೀಲಿಗೂ ಇದೇ ಚಾಳಿಯಿದ್ದರಂತೂ ಪಂಚಾಂಗವನ್ನೇ ಬಿಡಿಸಬೇಕು: ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದ ಪಕ್ಷದಲ್ಲಿ, ಪೆಡಲು 9 ಸುತ್ತನ್ನೂ ಫ್ರೀವೀಲು 22 ಸುತ್ತನ್ನೂ ಮುಗಿಸಿದ ಮೇಲೆಯೇ ಈ ಎರಡು ಗ್ರಹಗಳು ಮೊದಲಿನ ಮನೆಗಳಿಗೆ ಮರಳುವುವು, ನಡುವೆ ಅತಿ ಬಿಗಿಯ ಯೋಗವು ಯಾವ ಗಳಿಗೆಯಲ್ಲಿ ಕೂಡುವುದೋ, ಕಾದು ನೋಡಬೇಕು.

ಅಮೆರಿಕದ ಮೆಸಾಚುಸೆಟ್ಸಿನಲ್ಲಿದ್ದ ಷೆಲ್ಡನ್ ಬ್ರೌನ್ ಎಂಬ ಸೈಕಲ್ ಪಂಡಿತರು ಇದಕ್ಕೊಂದು ಶಾಂತಿಕರ್ಮವನ್ನು ಹೇಳಿದ್ದಾರೆ: ಹಲ್ಲಿನ ಚಕ್ರದ ಬೋಲ್ಟುಗಳನ್ನು ತುಸು ಸಡಿಲಿಸಿ, ಬಿಗಿಯಾದ ಸ್ಥಾನದಲ್ಲಿ ಚೈನನ್ನು ಮೆಲ್ಲನೆ ತಟ್ಟಿದರೆ ಚಕ್ರವು ಕೇಂದ್ರದತ್ತ ಸರಿಯುತ್ತದೆ. ನಮ್ಮ ಸೈಕಲ್ಲಿನಲ್ಲಿಯಾದರೋ ಹಲ್ಲಿನ ಚಕ್ರವೂ ಕ್ರ್ಯಾಂಕೂ ಒಂದಕ್ಕೊಂದು ಸೇರಿಯೇ ಹೋಗಿರುವುದರಿಂದ ತಟ್ಟುವ ಮಾತೇ ಇಲ್ಲ. ಇದನ್ನೆಲ್ಲ ನಮ್ಮ ಬೀದಿಯ ಸೈಕಲ್ ಶಾಪಿನವನಿಗೆ ಸವಿಸ್ತಾರವಾಗಿ ನಿವೇದಿಸಿದಾಗ ಆತನು ತಲೆಯೆತ್ತದೆಯೇ, "ಇದೇನು ವಿಷ್ಣುಚಕ್ರವೇ ಸ್ವಾಮಿ, ಅಷ್ಟೊಂದು ಗುಂಡಗಿರೋಕೆ?" ಎಂದನು.

ಇಬ್ಬರು ಕುಳಿತು ತುಳಿಯುವ ಟ್ಯಾಂಡೆಮ್ ಸೈಕಲ್ಲುಗಳಲ್ಲಿ ಪೆಡಲಿನ ಅಚ್ಚನ್ನು ಬೇಕೆಂದೇ ಕೇಂದ್ರ ತಪ್ಪಿಸಿ ಒಂದು ಉರುಳೆಯೊಳಗೆ ಕೂರಿಸುವುದುಂಟು. ಉರುಳೆಯನ್ನು ತಿರುಗಿಸಿದರೆ ಅಚ್ಚು ಸರಿದು ಚೈನು ಬಿಗಿಯಾಗುತ್ತದೆ. ನಮಗೆ ಪುಕ್ಕಟೆಯಾಗಿ ಬಂದ ದೋಷವನ್ನು ಅವರು ದುಡ್ಡು ಕೊಟ್ಟು ಕೊಳ್ಳುತ್ತಾರೆ!

ಆದುದರಿಂದ ವಾಚಕ ಮಹಾಶಯರು ಚೈನು ಅತಿ ಬಿಗಿಯಾಗುವ ಸ್ಥಾನವನ್ನು ಹುಡುಕಿ ಅಲ್ಲಿಯೇ ಆ ಅರ್ಧ ಅಂಗುಲವನ್ನು ಅಳೆಯತಕ್ಕದ್ದು. ಮಿಕ್ಕ ಕಡೆ ತುಸು ಜೋಲಿದರೆ ಜೋಲಲಿ. ಚಕ್ರವನ್ನು ಹಿಂದಕ್ಕೆ ಸರಿಸಿದ ಮೇಲೆ ಬ್ರೇಕಿನ ರಬ್ಬರು ರಿಮ್ಮಿಗೆ ಸರಿಯಾಗಿ ತಾಗುತ್ತದೆಯೇ ಎಂಬುದನ್ನು ಮಾತ್ರ, ಇಳಿಜಾರು ಬರುವ ಮುಂಚೆಯೇ ನೋಡಿಕೊಳ್ಳಿರಿ.